ಕೇಳಿದ್ದಕ್ಕೆ ಬೈಸಿಕೊಂಡೆ, ಈಗ ಕೇಳೋಕೆ ಬಾಯೇ ಬರ್ತಿಲ್ಲ: ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವರು ದಾರಿ ಹೇಳಿ

ನೈಟ್‌ಡ್ಯೂಟಿ ಸಿಸ್ಟರ್

ಎಲ್ಲರಿಗೂ ನಮಸ್ಕಾರ. 9 ವರ್ಷದಿಂದ ಎಮರ್ಜೆನ್ಸಿಯಲ್ಲೇ ಸ್ಟಾಫ್ ನರ್ಸ್ ಆಗಿದ್ದೇನೆ. ಬೈಗುಳ ನನಗೆ ಹೊಸದಲ್ಲ. ರೋಗಿ ಕಡೆಯವರು ಬೈದಿದ್ದಾರೆ, ಡಾಕ್ಟರ್‌ಗಳು ರೇಗಿದ್ದಾರೆ, ನಾನೂ ಬೇರೆಯವರ ಮೇಲೆ ರೇಗಿದ್ದೇನೆ. ಆದರೆ ಮೂರು ವಾರದ ಹಿಂದೆ ನಡೆದದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ರಾತ್ರಿ ಎರಡೂವರೆ ದಾಟಿತ್ತು. 4ನೇ ಬೆಡ್‌ನಲ್ಲಿ ಆಗಷ್ಟೇ ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತುವುದು) ನಿಲ್ಲಿಸಿದ್ದೆವು. ಆ ರೋಗಿ ಉಳಿಯಲಿಲ್ಲ. ತುರ್ತು ಔಷಧಿ ಇಡುವ ಗಾಡಿ, ಅಂದರೆ ಕ್ರ್ಯಾಶ್ ಕಾರ್ಟಿನ ಡ್ರಾಯರ್ ತೆರೆದೇ ಇತ್ತು. 1 ಎಂಜಿ ಅಡ್ರಿನಲಿನ್ ತುಂಬಿಟ್ಟಿದ್ದ ಸಿರಿಂಜ್ ಒಂದು ಟ್ರೇನಲ್ಲಿ ಹಾಗೇ ಉಳಿದಿತ್ತು. ಅಷ್ಟರಲ್ಲಿ 5ನೇ ಬೆಡ್‌ಗೆ ಒಬ್ಬರನ್ನು ಮಲಗಿಸಿದರು. ತುಟಿ, ಕಣ್ಣು ಊದಿಕೊಂಡಿದ್ದವು. ಮೈಯೆಲ್ಲ ದದ್ದು. ಉಸಿರು ಎಳೆದರೆ ಸುಯ್ ಅನ್ನುವ ಸದ್ದು. ಬಿಪಿ ಬಿದ್ದುಹೋಗಿತ್ತು. ಯಾವುದೋ ಮಾತ್ರೆಯ ಅಲರ್ಜಿ. ಡಾಕ್ಟರ್ 4ನೇ ಬೆಡ್ ಹತ್ತಿರ ನಿಂತೇ "ಅಡ್ರಿನಲಿನ್ ಕೊಡಿ, ಬೇಗ!" ಎಂದು ಕೂಗಿದರು.

ನಾನು ಕೇಳಿದೆ: "ಸರ್, ಅರ್ಧ ಎಂಜಿ ಐಎಂ ಅಲ್ವಾ?"

ಈ ಕೆಲಸ ಗೊತ್ತಿರುವವರಿಗೆ ನಾನು ಯಾಕೆ ಕೇಳಿದೆ ಅಂತ ಅರ್ಥವಾಗುತ್ತದೆ. ಔಷಧಿ ಒಂದೇ. ಹೃದಯ ನಿಂತವರಿಗೆ 1 ಎಂಜಿ, ನರಕ್ಕೆ (ರಕ್ತನಾಳಕ್ಕೆ, ಅಂದರೆ ಐವಿ). ಅಲರ್ಜಿಯಿಂದ ಒದ್ದಾಡುವವರು ದೊಡ್ಡವರಾದರೆ 0.5 ಎಂಜಿ, ತೊಡೆಯ ಸ್ನಾಯುವಿಗೆ (ಅಂದರೆ ಐಎಂ). ಬಡಿಯುತ್ತಿರುವ ಹೃದಯಕ್ಕೆ ಆ 1 ಎಂಜಿ ಒಂದೇ ಸಲ ನರದಲ್ಲಿ ಹೋದರೆ ಬಡಿತದ ಲಯವೇ ಕೆಡಬಹುದು. ತುಂಬಿಟ್ಟ ಸಿರಿಂಜ್ ಕೈಯಳತೆಯಲ್ಲೇ ಇತ್ತು. ನನ್ನ ಪಕ್ಕ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ ನಿಂತಿದ್ದಳು. ಅವಳ ಕೈ ಆಗಲೇ ಆ ಟ್ರೇ ಕಡೆ ಹೋಗಿತ್ತು.

ಡಾಕ್ಟರ್ ಅಲ್ಲಿಂದಲೇ ಹೇಳಿದ್ದು: "ಇನ್ನೂ ಕೇಳ್ತಾ ನಿಂತಿದ್ದೀರಾ? ಇಷ್ಟು ವರ್ಷ ಇಲ್ಲಿ ಏನು ಮಾಡ್ತಿದ್ರಿ?" ರೋಗಿಯ ಹೆಂಡತಿ ಅಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು. ನಾನು ಆಂಪೂಲ್ ಒಡೆದು, ಅರ್ಧ ಎಂಜಿ ಎಳೆದು ತೊಡೆಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲೇ ಆ ಮನುಷ್ಯನ ಉಸಿರು ಸಲೀಸಾಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮೂರು ದಿನದ ನಂತರ ಅದೇ ಡಾಕ್ಟರ್ ಬೇರೆ ರೋಗಿಗೆ ಒಂದು ಡೋಸ್ ಹೇಳಿದರು. ಮಾನಿಟರ್ ಅಲಾರಂ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ನಾನು ಅವರನ್ನು ಮತ್ತೆ ಕೇಳಲಿಲ್ಲ. ಪಕ್ಕದ ಹುಡುಗಿಯ ಹತ್ತಿರ ಮೆಲ್ಲಗೆ "ಎಷ್ಟಂದ್ರು?" ಎಂದೆ. ಅವಳು ಹೇಳಿದ್ದು ಸರಿಯಾಗೇ ಇತ್ತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಅಡಿ ದೂರದಲ್ಲಿರುವ ಮನುಷ್ಯನನ್ನು ಕೇಳೋಕೆ ಹೆದರಿದೆ, ಅದೂ ನಾನು.

ಇನ್ನೊಂದು ವಿಷಯ. ಈ ಡಾಕ್ಟರ್ ಜೊತೆ ನನಗೆ ಮೊದಲು ಚೆನ್ನಾಗಿತ್ತು. ನಮ್ಮಪ್ಪನನ್ನು ಅಡ್ಮಿಟ್ ಮಾಡಿದ್ದಾಗ ಡ್ಯೂಟಿ ಮುಗಿದ ಮೇಲೂ ಬಂದು ರಿಪೋರ್ಟ್ ವಿವರಿಸಿದ್ದರು. ಈಗ ಚಾರ್ಟಿನಲ್ಲಿ ಇರುವುದನ್ನು ಬಿಟ್ಟು ಒಂದು ಮಾತಿಲ್ಲ. ಉಳಿದವರೂ ಎರಡು ಗುಂಪಾಗಿದ್ದಾರೆ. ದೂರು ಬರೆದು ಕೊಡಲಾ, ನೇರವಾಗಿ ಮಾತಾಡಲಾ? ನಿಮಗೆ ಹೀಗೆ ಆಗಿದ್ದರೆ ಹೇಳಿ.

ಹಳೇ ಇನ್‌ಚಾರ್ಜ್

ತಂಗೀ, ಮೊದಲು ಇದು ತಿಳ್ಕೋ. ಆ ರಾತ್ರಿ ನೀನು ಮಾಡಿದ್ದು ಪೂರ್ತಿ ಸರಿ. ಡೋಸ್ ಇಲ್ಲದ, ಎಲ್ಲಿಗೆ ಕೊಡಬೇಕು ಅಂತ ಇಲ್ಲದ ಆರ್ಡರ್ ಆರ್ಡರೇ ಅಲ್ಲ. ಅರ್ಧ ವಾಕ್ಯ ಅದು. ಉಳಿದರ್ಧ ಕೇಳುವುದೇ ನಮ್ಮ ಕೆಲಸ.

31 ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಮೊದಲು ನೇರವಾಗಿ ಮಾತಾಡು ಅಂತಲೇ ಹೇಳುತ್ತೇನೆ. ಆದರೆ ಡ್ಯೂಟಿ ನಡುವೆ ಬೇಡ, ಕಾರಿಡಾರ್‌ನಲ್ಲಿ ಬೇಡ, ಇನ್ನೊಬ್ಬರ ಕೈಲಿ ಹೇಳಿಸುವುದಂತೂ ಬೇಡವೇ ಬೇಡ. ಇಬ್ಬರೂ ಕೂತು ಮಾತಾಡುವ ಜಾಗ ನೋಡು. ನಿಂತು ಮಾತಾಡಿದರೆ ಒಬ್ಬರ ಕಾಲು ಬಾಗಿಲ ಕಡೆಗೇ ಇರುತ್ತದೆ.

"ನೀವು ನನಗೆ ಅವಮಾನ ಮಾಡಿದ್ರಿ" ಅಂತ ಶುರು ಮಾಡಬೇಡ. ಅದು ನಿಜವೇ, ಇಲ್ಲ ಅನ್ನಲ್ಲ. ಆದರೆ ಹಾಗೆ ಶುರುವಾದರೆ ಅವರು "ನಾನು ಹಾಗೆ ಅಂದಿದ್ದಲ್ಲ" ಅನ್ನುತ್ತಾರೆ, ಮಾತು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಎರಡನೇದಾಗಿ ಬರೆದಿದ್ದೀಯಲ್ಲ, ಅದನ್ನೇ ಮೊದಲು ಹೇಳು. "ಆ ದಿನದ ನಂತರ ಒಂದು ಡೋಸ್ ನನಗೆ ಕೇಳಿಸಲಿಲ್ಲ, ನಿಮ್ಮನ್ನು ಕೇಳೋಕೆ ಹೆದರಿದೆ." ಒಳ್ಳೆ ಡಾಕ್ಟರ್ ಆದರೆ ಈ ಮಾತಿಗೆ ಬೆಚ್ಚಿ ಬೀಳಬೇಕು. ಬೀಳದಿದ್ದರೆ, ಮತ್ತೆ ಹಾಗೇ ಆದರೆ, ಆಗ ಬರೆದು ಕೊಡು. ತಾರೀಖು, ಸಮಯ, ಆಡಿದ ಮಾತು, ಅಷ್ಟೇ. ಅವರ ಸ್ವಭಾವ ಹೀಗೆ, ಹಾಗೆ ಅಂತ ಒಂದು ಸಾಲೂ ಬರೆಯಬೇಡ.

ಟ್ರಯಾಜ್ ಟೇಬಲ್

ಓದಿ ಮೈ ಜುಂ ಅಂತು. ಆ ಹುಡುಗಿಯ ಕೈ ಟ್ರೇ ಕಡೆ ಹೋಗಿತ್ತು ಅಂದ್ರಲ್ಲ, ಅಲ್ಲೇ ನಿಂತೆ.

ಜೂನಿಯರ್ ಡಾಕ್ಟರ್

ಡಾಕ್ಟರ್ ಕಡೆಯಿಂದ ಒಂದು ಮಾತು. ಸಮರ್ಥನೆ ಅಲ್ಲ, ದಯವಿಟ್ಟು ಹಾಗೆ ಓದಬೇಡಿ.

ನಾನೂ ಹೀಗೆ ಕೂಗಿದ್ದೇನೆ. ಕಳೆದ ತಿಂಗಳ ಒಂದು ರಾತ್ರಿ. ವಾರ್ಡಿನಲ್ಲಿ ಬೆಡ್ ಇಲ್ಲದೆ 6 ಜನ ಅಡ್ಮಿಟ್ ಆದವರು ನಮ್ಮಲ್ಲೇ ಸ್ಟ್ರೆಚರ್ ಮೇಲೆ ಮಲಗಿದ್ದರು. ಅವರಲ್ಲಿ ಒಬ್ಬರಿಗೆ ಹೊಟ್ಟೆನೋವು ಜಾಸ್ತಿಯಾಯಿತು. ಸರ್ಜರಿಯವರಿಗೆ ಫೋನ್ ಮಾಡಿದರೆ "ಮೊದಲು ಮೆಡಿಸಿನ್‌ನವರು ನೋಡಲಿ" ಅಂದರು. ಮೆಡಿಸಿನ್‌ನವರು "ಇದು ಸರ್ಜರಿ ಕೇಸ್" ಅಂದರು. 40 ನಿಮಿಷ ಎರಡು ಫೋನಿನ ನಡುವೆ ನಿಂತಿದ್ದೆ. ಫೋನ್ ಇಟ್ಟ ತಕ್ಷಣ ಸಿಸ್ಟರ್ ಒಬ್ಬರು ಬಂದು "ಡಾಕ್ಟ್ರೇ, 2ನೇ ಬೆಡ್‌ಗೆ ಸಹಿ ಹಾಕಿಲ್ಲ" ಎಂದರು. ಅವರ ಮೇಲೆ ಹಾರಿಬಿದ್ದೆ. ಅವರು ಏನೂ ಹೇಳಲಿಲ್ಲ. ಫೈಲ್ ಮೇಜಿನ ಮೇಲಿಟ್ಟು, ಸಹಿ ಹಾಕುವ ಜಾಗಕ್ಕೆ ಪೆನ್ನು ಸರಿಸಿ ಹೋದರು. ಆ ಪೆನ್ನು ಇವತ್ತಿಗೂ ಕಣ್ಣ ಮುಂದಿದೆ.

ಸೀನಿಯರ್ ನನ್ನ ಮೇಲೆ ರೇಗುತ್ತಾರೆ. ನಾನು ನರ್ಸ್ ಮೇಲೆ. ನರ್ಸ್ ಆಯಾ ಮೇಲೆ, ವಾರ್ಡ್ ಬಾಯ್ ಮೇಲೆ. ನೀರಿನ ಹಾಗೆ ಸಿಟ್ಟೂ ಕೆಳಕ್ಕೇ ಹರಿಯುತ್ತದೆ. ತಿರುಗಿ ಮಾತಾಡಲಾಗದವರ ಹತ್ತಿರ ಬಂದು ನಿಲ್ಲುತ್ತದೆ.

ನಿಮ್ಮ ಡಾಕ್ಟರ್ ಆಗಷ್ಟೇ ಒಬ್ಬ ರೋಗಿಯನ್ನು ಕಳೆದುಕೊಂಡಿದ್ದರು. ಅವರ ಮನಸ್ಸು ಇನ್ನೂ 4ನೇ ಬೆಡ್‌ನಲ್ಲೇ ಇತ್ತೇನೋ. ಆದರೂ ತಪ್ಪು ಅವರದೇ. "ಐಎಂ" ಎನ್ನುವ ಎರಡಕ್ಷರ ಹೇಳಲು ಹಿಡಿಯುವ ಹೊತ್ತು ಬೈಯಲು ಹಿಡಿದ ಹೊತ್ತಿಗಿಂತ ಕಡಿಮೆ.

18 ವರ್ಷ ಇದೇ ಕೆಲಸ

ಬೇಜಾರಾಗಬೇಡಿ, ನನ್ನ ಅನಿಸಿಕೆ ಬೇರೆ. ಎಮರ್ಜೆನ್ಸಿಯಲ್ಲಿ ಮೆಲ್ಲಗೆ ಮಾತಾಡಿಕೊಂಡು ಕೆಲಸ ಮಾಡಲಾಗುವುದಿಲ್ಲ. ಹೃದಯ ನಿಂತವನ ಎದೆ ಒತ್ತುವಾಗ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು. ಅಲ್ಲಿ "ದಯವಿಟ್ಟು" ಅಂತ ಕೂತರೆ ಆಗುತ್ತಾ? ನಾವೆಲ್ಲ ಬೈಸಿಕೊಂಡೇ ಕಲಿತವರು. ಈಗಿನವರಿಗೆ ಒಂದು ಮಾತು ಅಂದರೆ ತಡೆಯಲ್ಲ. ರೋಗಿ ಉಳಿದನಲ್ಲ, ಬಿಟ್ಟುಬಿಡಿ.

ಹಳೇ ಇನ್‌ಚಾರ್ಜ್

ಜೋರಾಗಿ ಹೇಳುವುದು ಬೇರೆ, ಬೈಯುವುದು ಬೇರೆ. "ಜನ ಬದಲಾಗಿ!" ಅಂತ ಗಂಟಲು ಹರಿಯುವ ಹಾಗೆ ಕೂಗಿದರೂ ಯಾರಿಗೂ ನೋವಾಗಲ್ಲ. "ಇಷ್ಟು ವರ್ಷ ಏನು ಮಾಡ್ತಿದ್ರಿ" ಅಂತ ಮೆಲ್ಲಗೆ ಹೇಳಿದರೂ ನೋವಾಗುತ್ತದೆ. ಮೊದಲನೆಯದು ಕೆಲಸದ ಬಗ್ಗೆ, ಎರಡನೆಯದು ಮನುಷ್ಯನ ಬಗ್ಗೆ. ಬೈಸಿಕೊಂಡು ಕಲಿತೆವು ಅನ್ನುತ್ತೀರಿ. ಬೈಸಿಕೊಂಡು ಕೆಲಸ ಬಿಟ್ಟುಹೋದವರನ್ನು ನಾನು ಎಣಿಸಿದ್ದೇನೆ. ಒಳ್ಳೆ ಕೈಗಳು ಅವು.

ಓದುವ ಹುಚ್ಚು

18 ವರ್ಷದ ಅಣ್ಣನಿಗೆ ಎರಡು ವಿಷಯ ಹೇಳಬೇಕು. ಇದು ಮನಸ್ಸಿಗೆ ನೋವಾಗುವುದರ ಬಗ್ಗೆ ಮಾತ್ರ ಅಲ್ಲ.

2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ 24 ತಂಡಗಳಿಗೆ ತರಬೇತಿಯಲ್ಲಿ ಒಂದು ಕೇಸ್ ಕೊಟ್ಟರು. ಮಗುವಿನ ಸ್ಥಿತಿ ಇದ್ದಕ್ಕಿದ್ದಂತೆ ಕೆಡುತ್ತದೆ, ಏನಾಗಿದೆ ಅಂತ ಹುಡುಕಬೇಕು, ಚಿಕಿತ್ಸೆ ಮಾಡಬೇಕು. ಕೆಲವು ತಂಡಗಳಿಗೆ ಹೊರಗಿನ ಪರಿಣಿತರೊಬ್ಬರು ಕೊಂಕು ಮಾತು ಆಡಿದರು. ಜೋರು ಬೈಗುಳ ಅಲ್ಲ, ಸಣ್ಣ ಚುಚ್ಚು ಮಾತು. ಅದನ್ನು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿದ್ದೂ ಅದಕ್ಕೆ ಕಾರಣ. ನಮ್ಮ ಸಿಸ್ಟರ್ ಮೂರು ದಿನದ ನಂತರ ಮಾಡಿದ್ದೂ ಅದೇ ಅಲ್ವಾ? ಕೇಳಬೇಕಾದವರನ್ನು ಕೇಳಲಿಲ್ಲ.

ಇನ್ನೊಂದು ಆಸ್ಪತ್ರೆಯದಲ್ಲ, ವಿಮಾನದ್ದು. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫೆ ದ್ವೀಪ. ರನ್‌ವೇ ಮೇಲೆ ಮಂಜು. ಒಂದು ವಿಮಾನ ಹಾರಲು ಓಡತೊಡಗಿದೆ, ಇನ್ನೊಂದು ಅದೇ ರನ್‌ವೇ ಮೇಲೆ ಇನ್ನೂ ಇದೆ. ಓಡುತ್ತಿರುವ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್ ಹೋಗಿದೆ ಎಂದು ಖಡಾಖಂಡಿತವಾಗಿ ಹೇಳಿದರು. ಆ ಕ್ಯಾಪ್ಟನ್ ಕಂಪನಿಯಲ್ಲಿ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಯಾರೂ ಎರಡನೇ ಸಲ ಕೇಳಲಿಲ್ಲ. 583 ಜನ ಸತ್ತರು.

ಇಂಥ ಅಪಘಾತಗಳ ನಂತರವೇ ಕಾಕ್‌ಪಿಟ್‌ನಲ್ಲಿ ಕಿರಿಯರು ಹೇಗೆ ಮಾತಾಡಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದಕ್ಕೆ ತರಬೇತಿ ಬಂತು. ಆಸ್ಪತ್ರೆಗಳೂ ಅದನ್ನು ತೆಗೆದುಕೊಂಡವು. ಅಮೆರಿಕದಲ್ಲಿ ಆಸ್ಪತ್ರೆ ತಂಡಗಳಿಗೆ ಕಲಿಸುವ ಒಂದು ನಿಯಮ ಇದೆ: ಮೊದಲ ಸಲ ಹೇಳಿದ್ದನ್ನು ತಳ್ಳಿಹಾಕಿದರೆ ಎರಡನೇ ಸಲ ಹೇಳಲೇಬೇಕು. ಅದು ಧೈರ್ಯ ಇದ್ದವರಿಗೆ ಬಿಟ್ಟ ವಿಷಯ ಅಲ್ಲ, ಡ್ಯೂಟಿ. ನನಗೆ ಬಹಳ ಹಿಡಿಸಿದ್ದು ಇದೇ. ಕೇಳುವುದು ಡ್ಯೂಟಿ ಅಂತಾದರೆ, ಕೇಳಿದವರನ್ನು ಅಧಿಕಪ್ರಸಂಗಿ ಅನ್ನೋಕಾಗಲ್ಲ.

ಲ್ಯಾಬ್ ಕಡೆಯವನು

ನಾನು ಎಮರ್ಜೆನ್ಸಿ ಒಳಗಿಲ್ಲ, ಆದರೆ ಅಲ್ಲಿಂದ ಬೈಗುಳ ದಿನಾ ಫೋನಿನಲ್ಲಿ ಬರುತ್ತದೆ.

ರಕ್ತ ತೆಗೆಯುವಾಗ ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ ಕೆಂಪು ರಕ್ತಕಣ ಒಡೆಯುತ್ತವೆ. ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಆಗ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಜಾಸ್ತಿ ಕಾಣುತ್ತದೆ, ರೋಗಿಯ ಮೈಯಲ್ಲಿ ಅಷ್ಟು ಇರುವುದಿಲ್ಲ. ನಾನು "ಸ್ಯಾಂಪಲ್ ಮತ್ತೆ ಕಳಿಸಿ" ಅಂದರೆ "ನಿಮಗೆ ಕೂತಲ್ಲಿಂದ ಹೇಳೋದು ಸುಲಭ" ಎಂಬ ಉತ್ತರ. ಅವರಿಗೆ ನಾನು ಕೆಲಸ ತಪ್ಪಿಸಿಕೊಳ್ಳುವವನು. ನನಗೆ ಅವರು ಮಾತು ಕೇಳದವರು. ಎರಡು ವರ್ಷ ಹೀಗೇ ನಡೆಯಿತು.

ಒಂದು ದಿನ ಸಿಸ್ಟರ್ ಒಬ್ಬರು ಸಿಟ್ಟಿನಲ್ಲಿ ನೇರವಾಗಿ ಲ್ಯಾಬ್‌ಗೇ ಬಂದರು. ನಾನು ಮಾತಾಡಲಿಲ್ಲ. ಯಂತ್ರದಲ್ಲಿ ಗಿರಗಿರನೆ ತಿರುಗಿಸಿದ ಎರಡು ರಕ್ತದ ಟ್ಯೂಬ್ ಬೆಳಕಿಗೆ ಹಿಡಿದು ತೋರಿಸಿದೆ. ಒಂದರ ಮೇಲ್ಭಾಗದ ದ್ರವ ತಿಳಿ ಹಳದಿ. ಅವರು ಕಳಿಸಿದ್ದು ಗುಲಾಬಿ ಬಣ್ಣ. ಬಹಳ ಹೊತ್ತು ನೋಡಿದರು. "ಇದನ್ನ ನಮಗೆ ಯಾರೂ ತೋರಿಸಿಲ್ಲ" ಎಂದರು. ನಿಜ, ನಾನೂ ತೋರಿಸಿರಲಿಲ್ಲ. ಈಗ ಹೊಸದಾಗಿ ಸೇರಿದ ನರ್ಸ್‌ಗಳನ್ನು ಅವರೇ ಲ್ಯಾಬ್‌ಗೆ ಕರೆದುಕೊಂಡು ಬರುತ್ತಾರೆ.

ಆಂಬುಲೆನ್ಸ್ ಹಿಂದಿನ ಸೀಟು

ನಮ್ಮ ಮಾತನ್ನೂ ಸ್ವಲ್ಪ ಕೇಳಿ. ರೋಗಿಯ ಮನೆ ಒಳಗೆ ಹೋದವರು ನಾವು. ಹೇಗೆ ಬಿದ್ದಿದ್ದರು, ಪಕ್ಕದಲ್ಲಿ ಯಾವ ಮಾತ್ರೆ ಇತ್ತು, ಎಲ್ಲ ನೋಡಿದವರು ನಾವು. ಸ್ಟ್ರೆಚರ್ ಒಳಗೆ ತಂದ ಮೇಲೆ ನಮ್ಮ ಕಡೆ ಯಾರೂ ನೋಡುವುದಿಲ್ಲ.

ಒಮ್ಮೆ ವಯಸ್ಸಾದವರೊಬ್ಬರು ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟು. ಮಾತಾಡುತ್ತಿದ್ದರು, ನಗುತ್ತಿದ್ದರು. ಆದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು. ಅಂಥವರಿಗೆ ತಲೆಯೊಳಗೆ ರಕ್ತಸ್ರಾವವಾಗುವ ಅಪಾಯ ಜಾಸ್ತಿ. ಮೂರು ಜನಕ್ಕೆ ಹೇಳಿದೆ. "ಆಯ್ತು, ಅಲ್ಲಿ ಮಲಗಿಸಿ" ಅಷ್ಟೇ. ಕೊನೆಗೆ ಅಂಟುವ ಟೇಪ್ ಹರಿದು ಅದರ ಮೇಲೆ ದೊಡ್ಡದಾಗಿ "ವಾರ್ಫರಿನ್" ಅಂತ ಬರೆದು ಚಾರ್ಟಿನ ಮೇಲೆ ಅಂಟಿಸಿ ಬಂದೆ. ಮರುದಿನ ನನ್ನ ಮೇಲೆ ದೂರು, ಚಾರ್ಟಿನ ಮೇಲೆ ಟೇಪ್ ಅಂಟಿಸಿದ್ದಕ್ಕೆ. ಆದರೆ ಆ ಟೇಪ್ ನೋಡಿಯೇ ಸ್ಕ್ಯಾನ್ ಬೇಗ ಮಾಡಿದರು ಅಂತ ಆಮೇಲೆ ಗೊತ್ತಾಯಿತು. ಇನ್ನೊಮ್ಮೆ ಅಂಥದ್ದೇ ಆದರೆ ಇನ್ನೂ ದೊಡ್ಡ ಟೇಪ್ ಅಂಟಿಸುತ್ತೇನೆ.

ಟ್ರಯಾಜ್ ಟೇಬಲ್

ಆಂಬುಲೆನ್ಸ್‌ನವರು ಹೇಳಿದ್ದು ಸರಿ, ಆ "ಅಲ್ಲಿ ಮಲಗಿಸಿ" ಅನ್ನುವವಳು ನಾನೇ. ಒಂದು ಕಡೆ ಎದೆನೋವು, ಇನ್ನೊಂದು ಕಡೆ ಮೂರು ಗಂಟೆಯಿಂದ ಕಾದು ಸಿಟ್ಟಾದವರು, ಯಾರನ್ನು ಮೊದಲು ಒಳಗೆ ಬಿಟ್ಟರೂ ಬೈಗುಳ. ಆದರೂ ಒಂದು ನಿಮಿಷ ಕೇಳಿಸಿಕೊಳ್ಳಬಹುದಿತ್ತು. ನಾಳೆಯಿಂದ ಕೇಳಿಸಿಕೊಳ್ಳುತ್ತೇನೆ.

ಹೆಸರು ಬೇಡ

ವೈಯಕ್ತಿಕ ಜಗಳದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾನೂ ಇನ್ನೊಬ್ಬಳು ನರ್ಸೂ ಒಂದೇ ರೂಮಿನಲ್ಲಿ ನಾಲ್ಕು ವರ್ಷ ಇದ್ದವರು. ರಜೆ ವಿಷಯಕ್ಕೆ ಶುರುವಾಯಿತು. ಅವಳಿಗಾಗಿ ನಾನು ಎರಡು ಸಲ ನೈಟ್ ಬದಲಾಯಿಸಿಕೊಂಡಿದ್ದೆ. ನನಗೆ ಬೇಕಾದಾಗ ಅವಳು ಆಗಲ್ಲ ಅಂದಳು. ಹಳೆಯದೆಲ್ಲ ಅದರ ಜೊತೆ ಹೊರಗೆ ಬಂತು. ರೂಮ್ ಬಿಟ್ಟೆ. ಡ್ಯೂಟಿ ಬಿಡಲಾಗುತ್ತಾ?

ಹ್ಯಾಂಡೋವರ್ (ಡ್ಯೂಟಿ ಬದಲಾಗುವಾಗ ರೋಗಿಗಳ ವಿಷಯ ಒಪ್ಪಿಸುವುದು) ಮಾಡುವಾಗ ನಾವು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಫೈಲ್ ಮೇಜಿನ ಮೇಲಿಟ್ಟು ಹೋಗುವುದು, ಅಷ್ಟೇ. ಒಂದು ಬೆಳಿಗ್ಗೆ ಅವಳು ಏಳೂವರೆಗೆ ಒಬ್ಬರಿಗೆ 1 ಗ್ರಾಂ ಪ್ಯಾರಸಿಟಮಾಲ್ ನರಕ್ಕೆ ಕೊಟ್ಟಿದ್ದಳು. ಚಾರ್ಟಿನಲ್ಲಿ ಬರೆಯುವಷ್ಟರಲ್ಲಿ ಬೇರೆ ಕೇಸ್ ಬಂತು. ಬಾಯಲ್ಲಿ ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ನಾನು ಕೇಳಿದ್ದರೂ ಸಾಕಿತ್ತು, ಕೇಳಲಿಲ್ಲ. ಎಂಟೂಕಾಲಿಗೆ ನಾನು ಇನ್ನೊಂದು ಗ್ರಾಂ ಕೊಟ್ಟೆ. ನಡುವೆ ಕನಿಷ್ಠ 4 ಗಂಟೆ ಇರಬೇಕಾದ ಔಷಧಿ. ದೇವರ ದಯೆ, ರೋಗಿಗೆ ಏನೂ ಆಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು, ನಾನೇ ರಿಪೋರ್ಟ್ ಬರೆದುಕೊಟ್ಟೆ.

ಆ ದಿನ ಸಂಜೆ ಅವಳೇ ಫೋನ್ ಮಾಡಿದಳು. ಇಬ್ಬರೂ ಅತ್ತೆವು. ಗೆಳೆತನ ಮೊದಲಿನಂತೆ ಆಗಲಿಲ್ಲ, ಸುಳ್ಳು ಹೇಳಲ್ಲ. ಆದರೆ ಹ್ಯಾಂಡೋವರ್ ಮಾತ್ರ ಬೆಡ್ ಪಕ್ಕ ನಿಂತು, ಮುಖ ನೋಡಿ, ಬಾಯಲ್ಲೇ. ಸಿಟ್ಟಿದ್ದ ದಿನವೂ.

ಓದುವ ಹುಚ್ಚು

ಹೆಸರು ಬೇಡ ಅಂದವರೇ, ಬರೆದದ್ದಕ್ಕೆ ಥ್ಯಾಂಕ್ಸ್. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 9 ಆಸ್ಪತ್ರೆಗಳಲ್ಲಿ ನಡೆದಿತ್ತು. ಮಕ್ಕಳ ವಿಭಾಗದ ಜೂನಿಯರ್ ಡಾಕ್ಟರ್‌ಗಳಿಗೆ ಹ್ಯಾಂಡೋವರ್ ಮಾಡುವ ಒಂದು ಕ್ರಮ ಕಲಿಸಿದರು. ಕೇಳಿಸಿಕೊಂಡವರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳುವುದೂ ಅದರಲ್ಲಿ ಸೇರಿತ್ತು. ಚಿಕಿತ್ಸೆಯ ತಪ್ಪುಗಳು 23% ಕಡಿಮೆಯಾದವು. ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ.

18 ವರ್ಷ ಇದೇ ಕೆಲಸ

ಎರಡು ದಿನದಿಂದ ಇದನ್ನು ಓದುತ್ತಿದ್ದೇನೆ. ಬಿಟ್ಟುಬಿಡಿ ಅಂದಿದ್ದೆ, ಆ ಮಾತು ವಾಪಸ್ ತಗೋತೀನಿ. ನನ್ನ ಜೊತೆ ಕೆಲಸ ಮಾಡುವ ಬ್ರದರ್ (ಪುರುಷ ನರ್ಸ್) ಒಬ್ಬರನ್ನು ನಿನ್ನೆ ಕೇಳಿದೆ: "ನಾನು ಹೇಳಿದ್ದು ತಪ್ಪು ಅನ್ನಿಸಿದರೆ ನೀವು ನನಗೆ ಹೇಳ್ತೀರಾ?" ಅವರು ತಕ್ಷಣ ಉತ್ತರ ಕೊಡಲಿಲ್ಲ. ನೆಲ ನೋಡಿ "ಹೇಳ್ತೀನಿ ಸರ್" ಅಂದರು. ಆ ನಡುವಿನ ಹೊತ್ತು ನನಗೆ ಸಾಕಾಯಿತು.

ನೈಟ್‌ಡ್ಯೂಟಿ ಸಿಸ್ಟರ್

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಇನ್‌ಚಾರ್ಜ್ ಅಕ್ಕ ಹೇಳಿದ ಹಾಗೇ ಮಾಡಿದೆ. ಭಾನುವಾರ ಡ್ಯೂಟಿ ಮುಗಿದ ಮೇಲೆ ಡಾಕ್ಟರೂ ನಾನೂ ಸ್ಟೋರ್ ಪಕ್ಕದ ಸಣ್ಣ ರೂಮಿನಲ್ಲಿ ಕೂತೆವು. ನಾನು ಡೋಸ್ ಕೇಳಿಸದ ವಿಷಯದಿಂದಲೇ ಶುರು ಮಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಆಮೇಲೆ ಅವರು ಹೇಳಿದ್ದು ನಾನು ನಿರೀಕ್ಷಿಸಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಅವರು ಒಂದು ಮಗುವಿಗೆ ಬರೆದ ಡೋಸ್ ತಪ್ಪಾಗಿತ್ತು. ನಾನು ಅದನ್ನು ರೌಂಡ್ಸ್‌ನಲ್ಲಿ ಎಲ್ಲರ ಮುಂದೆ ಹೇಳಿದ್ದೆ. "ಇದು ಯಾವ ಲೆಕ್ಕ ಸರ್?" ಎಂದು ಕೇಳಿದ್ದೆನಂತೆ. ಜೂನಿಯರ್‌ಗಳು ನಕ್ಕರಂತೆ. ನನಗೆ ಮಗುವಿನ ಡೋಸ್ ನೆನಪಿತ್ತು, ನಾನು ಆಡಿದ ಮಾತು ನೆನಪಿರಲಿಲ್ಲ. ಆವತ್ತಿನಿಂದ ನಾನು ಏನು ಕೇಳಿದರೂ ಅವರಿಗೆ ಪರೀಕ್ಷೆ ಮಾಡಿದ ಹಾಗೆ ಅನ್ನಿಸುತ್ತಿತ್ತಂತೆ. ಹೇಳಬೇಕಾದದ್ದನ್ನೇ ಹೇಳಿದ್ದೆ, ಆದರೆ ಹಾಗೆ ಹೇಳಬಾರದಿತ್ತು. ನಾನು ಕ್ಷಮೆ ಕೇಳಿದೆ. ಅವರೂ ಕೇಳಿದರು. ರೋಗಿಯ ಹೆಂಡತಿ ಮುಂದೆ ಹಾಗೆ ಅಂದದ್ದು ತಪ್ಪು ಅಂದರು. 4ನೇ ಬೆಡ್‌ನವರ ಮಗಳಿಗೆ ವಿಷಯ ತಿಳಿಸಬೇಕಿತ್ತು, ಆ ಹೊತ್ತಿಗೆ ತಲೆಯಲ್ಲಿ ಅದೇ ಇತ್ತು ಎಂದರು.

ಒಂದು ಒಪ್ಪಂದ ಮಾಡಿಕೊಂಡೆವು. ಇಂಜೆಕ್ಷನ್ ಆರ್ಡರ್ ಅಂದರೆ ಔಷಧಿ, ಡೋಸ್, ಎಲ್ಲಿಗೆ, ಮೂರೂ ಇರಬೇಕು. ತೆಗೆದುಕೊಂಡವರು ಜೋರಾಗಿ ತಿರುಗಿ ಹೇಳಬೇಕು. ಕೊಟ್ಟ ಮೇಲೆ "ಕೊಟ್ಟೆ" ಅನ್ನಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೆ ಯಾರು ಬೇಕಾದರೂ ಕೇಳಬಹುದು. ಇದನ್ನು ಅವರೇ ನಮ್ಮ ಇನ್‌ಚಾರ್ಜ್‌ಗೂ ಹೇಳಿದರು. ಕ್ರ್ಯಾಶ್ ಕಾರ್ಟ್ ಮೇಲೆ ತುಂಬಿದ ಸಿರಿಂಜ್ ಬಿಟ್ಟುಹೋಗಬಾರದು ಅಂತಲೂ ಆಯಿತು. ಆ ಸಿರಿಂಜ್ ಅಲ್ಲಿ ಉಳಿದಿದ್ದು ನನ್ನ ತಪ್ಪು, ಅದನ್ನೂ ಬರೆದುಬಿಡುತ್ತೇನೆ.

ಎಲ್ಲ ಸರಿಹೋಯಿತು ಅನ್ನಲ್ಲ. ಗುಂಪುಗಳು ಹಾಗೇ ಇವೆ. "ಕೊನೆಗೂ ನೀನೇ ಬಗ್ಗಿದೆಯಾ" ಅಂತ ನನ್ನ ಕಡೆಯವರೇ ಒಬ್ಬರು ಅಂದರು.

ನಿನ್ನೆ ರಾತ್ರಿ ಬಸ್ ಅಪಘಾತದವರು ಒಟ್ಟಿಗೆ ಏಳು ಜನ ಬಂದರು. ಗಲಾಟೆಯಲ್ಲಿ ಡಾಕ್ಟರ್ "ಮಾರ್ಫಿನ್ ಕೊಡಿ" ಎಂದಷ್ಟೇ ಹೇಳಿ ಮುಂದಿನ ಬೆಡ್‌ಗೆ ಹೋಗಿಬಿಟ್ಟರು. ನಾನು ದೂರದಲ್ಲಿದ್ದೆ, ಒಬ್ಬರ ಕೈ ಹಿಡಿದು ಕ್ಯಾನುಲಾ ಹಾಕುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಆ ಹುಡುಗಿ ಆಂಪೂಲ್ ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಸರ್, ಎಷ್ಟು? ಎಲ್ಲಿಗೆ?"

ಅವರು ತಿರುಗಿದರು. ಮುಖದಲ್ಲಿ ಸಿಟ್ಟು ಬಂದದ್ದು ನನಗೆ ಕಾಣಿಸಿತು. ಒಂದು ಉಸಿರು ಎಳೆದುಕೊಂಡರು. "ಎರಡು ಎಂಜಿ, ಐವಿ, ನಿಧಾನಕ್ಕೆ" ಎಂದರು. ಅವಳು ತಿರುಗಿ ಹೇಳಿದಳು.

ನಾಳೆಯಿಂದ ನನಗೆ ಡೇ ಡ್ಯೂಟಿ. ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.